ಲಿಫ್ಟಮ್ಮನ ನಲವತ್ತು ನಿಮಿಷ

“ತಿರುವು ಬಂದಾಗ ಕಾಲಿನ ಕಡೆ ಕೆಳಗೆ, ತಲೆ ಕಡೆ ಮೇಲೆ. ಇಲ್ಲಾಂದ್ರೆ ಗೋಡೆಗೆ ತಾಗುತ್ತೆ,” ಎಂದು ಮೆಕ್ಯಾನಿಕ್ ಮಾವ ಅಳತೆ ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟುಕೊಂಡರು. ಬೆಳಗಿನಿಂದ ಅವರು ಆ ಮೆಟ್ಟಿಲನ್ನು ಅಳೆಯುತ್ತಿದ್ದದ್ದು ಇದು ಮೂರನೆಯ ಸಲ. ಮೊದಲ ಸಲ ಬಂದ ಅಳತೆಯೇ ಮೂರನೆಯ ಸಲವೂ ಬಂದಿತ್ತು.

“ಮಾವ, ಮೆಟ್ಟಿಲು ಬೆಳೆಯಲ್ಲ,” ಎಂದಳು ಲಿಫ್ಟಮ್ಮನ ಮಗಳು.

“ಬೆಳೆಯಲ್ಲ ಕಣಮ್ಮ. ಆದ್ರೆ ನಿಮ್ಮಮ್ಮ ಏನು ಸಾಮಾನ್ಯದವಳಾ? ಮೂವತ್ತೊಂದು ವರ್ಷ ಲಿಫ್ಟನ್ನ ನೆಲಕ್ಕೆ ಸರಿಸಮ ನಿಲ್ಲಿಸಿದವಳು. ಇವತ್ತು ಅವಳನ್ನ ಓರೆಯಾಗಿ ಇಳಿಸಿದ್ರೆ ಎದ್ದು ಕೂತು ಬೈತಾಳೆ. ಆಮೇಲೆ ನನ್ನ ಮರ್ಯಾದೆ ಏನಾಗ್ಬೇಕು?”

ಓಣಿಗೆಲ್ಲ ಗೊತ್ತಿದ್ದ ತಮಾಷೆಯೆಂದರೆ, ಲಿಫ್ಟಮ್ಮ ಬದುಕಿದ್ದದ್ದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ದಿನವಿಡೀ ದೊಡ್ಡ ಕಚೇರಿಯಲ್ಲಿ ಊರಿನ ಜನರನ್ನೆಲ್ಲ ಏಳನೆಯ ಮಹಡಿಯವರೆಗೆ ಏರಿಸಿ ಇಳಿಸಿ, ಸಂಜೆ ತನ್ನ ಮನೆಯ ಎಪ್ಪತ್ತೆರಡು ಮೆಟ್ಟಿಲನ್ನು ತಾನೇ ಏದುಸಿರು ಬಿಡುತ್ತಾ ಹತ್ತುತ್ತಿದ್ದಳು. “ಇಷ್ಟು ವರ್ಷ ದುಡಿದು ಒಂದಡಿ ಮುಂದೆ ಹೋಗ್ಲಿಲ್ಲ ನೋಡು, ಬರೀ ಮೇಲೆ ಕೆಳಗೆ,” ಎಂದು ಅವಳೇ ನಗುತ್ತಿದ್ದಳು. ಗಂಡ ನಡೆಸುತ್ತಿದ್ದ, ಮೆಕ್ಯಾನಿಕ್ ಮಾವ ರಿಪೇರಿ ಮಾಡುತ್ತಿದ್ದ ಲಿಫ್ಟು ಅದು. ಅವನು ತೀರಿಕೊಂಡಾಗ, ಎರಡು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಅದೇ ಸ್ಟೂಲಿನ ಮೇಲೆ ಕೂತಳು. ಹೆಂಗಸು ನಡೆಸುವ ಲಿಫ್ಟಿಗೆ ಕಾಲಿಡುವುದಿಲ್ಲವೆಂದು ಗುಮಾಸ್ತರೆಲ್ಲ ಒಂದು ವಾರ ಮೆಟ್ಟಿಲು ಹತ್ತಿದರು. ಎಂಟನೆಯ ದಿನ ಮಂಡಿಗಳೇ ಅವರನ್ನು ಎಳೆದುಕೊಂಡು ಬಂದವು.

ಅಂಥವಳು ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ತಟ್ಟೆ ತೊಳೆಯಲು ಬಿಡಲಿಲ್ಲವೆಂದು ಮಗಳ ಮೇಲೆ ಒಂದಿಷ್ಟು ಗೊಣಗಿ, ಗೋಡೆಯ ಕಡೆ ಹೊರಳಿ ಮಲಗಿದವಳು ಏಳಲಿಲ್ಲ. ಎಪ್ಪತ್ತಾರು ವಯಸ್ಸು. ನೋವಿಲ್ಲ, ನರಳಾಟವಿಲ್ಲ, ಯಾರಿಗೂ ತೊಂದರೆಯಿಲ್ಲ. ಬಂದವರೆಲ್ಲ ಕಣ್ಣೊರೆಸಿಕೊಂಡು, ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ, “ಪುಣ್ಯವಂತೆ,” ಎನ್ನುತ್ತಿದ್ದರು.

ಮಗಳ ಗಂಡ ಫೋನನ್ನು ಇನ್ನೂ ಕೈಯಲ್ಲೇ ಹಿಡಿದು ಅಡುಗೆಮನೆಗೆ ಬಂದ.

“ದೊಡ್ಡ ಸಾಹೇಬರ ಡ್ರೈವರ್ ಫೋನ್ ಮಾಡಿದ್ದ. ಸಾಹೇಬ್ರೇ ಬರ್ತಿದಾರಂತೆ, ಹತ್ತೂವರೆಗೆ. ಹಾರ ತರ್ತಾರಂತೆ.” ಆಮೇಲೆ ದನಿ ತಗ್ಗಿಸಿದ. “ನಿನ್ನ ಬಡ್ತಿ ಫೈಲು ಅವರ ಮೇಜಿನ ಮೇಲೇ ಇದೆ. ಮುಖ ಸ್ವಲ್ಪ ಸರಿಯಾಗಿಟ್ಕೋ.”

“ಅಮ್ಮ ಸತ್ತಿದಾಳೆ ರೀ. ಮುಖ ಇನ್ನು ಹೇಗಿಟ್ಕೊಳ್ಳಲಿ?”

“ಅದಲ್ಲ ಕಣೇ, ಅಮ್ಮನ ಥರ ಏನಾದ್ರೂ ಅಂದುಬಿಟ್ಟೀಯ ಅಂತ.”

ಆ ಸಂಕಟದ ಮಧ್ಯೆಯೂ ಅವಳಿಗೆ ನಗು ಬಂತು. ಅದೇ ದೊಡ್ಡ ಕಚೇರಿಯ ಆರನೆಯ ಮಹಡಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಟೈಪಿಸ್ಟಾಗಿರುವ ಅವಳು ಅಲ್ಲಿ ಹೇಳಿದ ಮಾತುಗಳನ್ನೆಲ್ಲ ಒಟ್ಟು ಹಾಕಿದರೆ ಎರಡೇ ಆಗುತ್ತಿದ್ದವು: “ಆಗ್ಲಿ ಸಾರ್.” ತಾನೂ ಅಮ್ಮನ ಥರ ಬಾಯಿ ತೆರೆದಾಳು ಎಂದು ಹೆದರುವವನು ಲೋಕದಲ್ಲಿ ಒಬ್ಬನಾದರೂ ಇದ್ದಾನಲ್ಲ, ಪುಣ್ಯಾತ್ಮ!

ಅಷ್ಟರಲ್ಲಿ ಮೆಟ್ಟಿಲಿನಿಂದ ಒಂದು ಕೂಗು ಬಂತು. “ಸವಾರಿ ಬರ್ತಿದೆ, ದಾರಿ ಬಿಡ್ರಪ್ಪೋ!”

ಮೇಷ್ಟ್ರು. ಎಂಬತ್ತು ವರ್ಷದ ನಿವೃತ್ತ ಮೇಷ್ಟ್ರು ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಎರಡು ಕೈಯನ್ನೂ ಹಿಂದಕ್ಕೆ ಊರಿ, ಒಂದೊಂದೇ ಮೆಟ್ಟಿಲಿಗೆ ತಮ್ಮನ್ನು ತಾವೇ ಎತ್ತಿಕೊಂಡು ಬರುತ್ತಿದ್ದರು. ಊರುಗೋಲು ಮಡಿಲಲ್ಲಿತ್ತು. ಚಿಕ್ಕಂದಿನಲ್ಲೇ ಒಂದು ಕಾಲು ಸ್ವಾಧೀನ ತಪ್ಪಿತ್ತು. “ಎರಡು ಕಾಲಿಗೂ ಎಂಬತ್ತೇ ವರ್ಷ. ಒಂದು ದುಡಿದು ಮುದಿಯಾಗಿದೆ, ಇನ್ನೊಂದು ಸೋಮಾರಿತನದಿಂದ ಮುದಿಯಾಗಿದೆ,” ಎಂಬುದು ಅವರ ವಿವರಣೆ.

“ಅಯ್ಯೋ ಮೇಷ್ಟ್ರೇ, ಹೇಳಿ ಕಳಿಸಿದ್ರೆ ಹುಡುಗ್ರು ಎತ್ಕೊಂಡು ಬರ್ತಿದ್ರಲ್ಲ!” ಎಂದಳು ಎದುರು ಮನೆಯ ಟೈಲರ್ ಅಕ್ಕ.

“ಇದು ಬರೀ ನಾಲ್ಕು ಮಹಡಿ ಕಣಮ್ಮ. ಹೋದ ವಾರ ಏಳು ಹತ್ತಿದೀನಿ. ವರ್ಷಕ್ಕೊಂದು ಸಲ ಪಿಂಚಣಿ ವಿಭಾಗಕ್ಕೆ ಹೋಗಿ, ನಾನಿನ್ನೂ ಬದುಕಿದೀನಿ ಅಂತ ಮುಖ ತೋರಿಸ್ಬೇಕಲ್ಲ. ಏಳು ಮಹಡಿ ಕೂತು ಕೂತು ಹತ್ತಿ ಮೇಲೆ ಹೋದ್ರೆ, ಆ ಗುಮಾಸ್ತ ಕೇಳ್ತಾನೆ, ಬದುಕಿದೀರಿ ಅನ್ನೋಕೆ ಏನು ದಾಖಲೆ? ಅಂತ!”

ಎಲ್ಲರೂ ನಕ್ಕರು. ಟೈಲರ್ ಅಕ್ಕ ಮಾತ್ರ ಬಿಡಲಿಲ್ಲ. “ಅಲ್ಲಿ ಲಿಫ್ಟಿದೆಯಲ್ಲ?”

“ಇದೆ. ಈಗ ಕಾರ್ಡಿದ್ದೋರಿಗೆ ಮಾತ್ರ ಬಾಗಿಲು ತೆಗೆಯುತ್ತೆ. ‘ಸಾರ್ವಜನಿಕರು ಮೆಟ್ಟಿಲುಗಳನ್ನು ಬಳಸತಕ್ಕದ್ದು’ ಅಂತ ಬೋರ್ಡು ಹಾಕಿದಾರೆ. ಒಂದು ತಪ್ಪಿಲ್ಲ ಬರವಣಿಗೇಲಿ. ಯಾರೋ ಚೆನ್ನಾಗಿ ಓದಿದೋರೇ ಟೈಪ್ ಮಾಡಿದಾರೆ.”

ಮಗಳು ನೀರು ತರುತ್ತೇನೆಂದು ಒಳಗೆ ಹೋದಳು. ನೀರಿನ ಹೂಜಿ ನಡುಮನೆಯಲ್ಲೇ ಇತ್ತು.

*

ಐದು ವಾರದ ಹಿಂದೆ ಒಂದು ಸೋಮವಾರ, ದೊಡ್ಡ ಸಾಹೇಬರು ಲಿಫ್ಟಿಗಾಗಿ ಹನ್ನೊಂದು ನಿಮಿಷ ಕಾಯಬೇಕಾಯಿತು. ಎರಡು ಸಲ ಲಿಫ್ಟು ಕೆಳಗೆ ಬಂತು, ಎರಡು ಸಲವೂ ಮುದುಕರು, ಬಸುರಿಯರು, ಕಡತ ಎದೆಗವುಚಿಕೊಂಡ ಹಳ್ಳಿಯವರು ತುಂಬಿಕೊಂಡರು. ಸಾಹೇಬರು ಸಭೆಗೆ ತಡವಾಗಿ ಹೋದರು. ಮಧ್ಯಾಹ್ನ ಅವಳನ್ನು ಕರೆದು ಆದೇಶ ಹೇಳುತ್ತಾ ಹೋದರು, ಅವಳು ಟೈಪ್ ಮಾಡುತ್ತಾ ಹೋದಳು. “ಸಾರ್ವಜನಿಕರು” ಎಂಬಲ್ಲಿ ಅವಳ ಬೆರಳು ಒಂದು ಗಳಿಗೆ ನಿಂತಿತು.

“ಏನಾಯ್ತು?” ಎಂದರು ಸಾಹೇಬರು.

ಹೇಳಬೇಕಾದ ಮಾತೆಲ್ಲ ಅವಳ ಗಂಟಲಿನವರೆಗೆ ಬಂದು ಸಾಲಾಗಿ ನಿಂತಿತ್ತು. “ಏನಿಲ್ಲ ಸಾರ್,” ಎಂದಳು.

“ಸಂಜೆಯೊಳಗೆ ಬೋರ್ಡ್ ಹಾಕಿಸಿ.”

“ಆಗ್ಲಿ ಸಾರ್.”

ಆ ಸಂಜೆ ಅಮ್ಮ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದಳು. ಕೊಟ್ಟ ಮನೆಯಲ್ಲಿರುವ ಮಗಳ ಯೋಗಕ್ಷೇಮ ಕೇಳುವಂತೆ ದಿನವೂ ಅವಳು ಲಿಫ್ಟಿನ ಯೋಗಕ್ಷೇಮ ಕೇಳುತ್ತಿದ್ದಳು. ಅವಳು ನಡೆಸುತ್ತಿದ್ದ ಹಿಡಿಕೆಯ ಲಿಫ್ಟು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು, ಬಟನ್ನಿನದು ಬಂದಿತ್ತು. ಆದರೇನು, ಆ ಜಾಗದಲ್ಲಿ ಓಡುವುದೆಲ್ಲ ಅವಳದೇ.

“ಹೇಗಿದೆ ನನ್ನ ಲಿಫ್ಟು?”

“ಚೆನ್ನಾಗಿದೆ ಅಮ್ಮ.”

“ಎಲ್ಲರನ್ನೂ ಹತ್ತಿಸ್ಕೊಳ್ತಿದಾರಲ್ಲ?”

“ಎಲ್ಲರನ್ನೂ ಅಮ್ಮ.”

ಅಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಮಾರನೆಯ ದಿನವೂ ಅದನ್ನೇ ಕೇಳಿದಳು, ಮಗಳು ಅದನ್ನೇ ಹೇಳಿದಳು. ಆಮೇಲೆ ದಿನವೂ ಅದೇ ನಡೆಯಿತು. ಒಂದು ದಿನ ಮಾತ್ರ, ಮಾತ್ರೆ ನುಂಗುತ್ತಾ, ಅಮ್ಮ ಬೇರೆ ಏನೋ ಕೇಳಿದಳು.

“ಆಫೀಸಲ್ಲಿ ಹೆದರಿಕೆ ಆಗುತ್ತಾ ನಿಂಗೆ?”

“ಆಗುತ್ತೆ ಅಮ್ಮ.”

“ನಂಗೂ ಆಗ್ತಿತ್ತು ಕಣೇ. ಹೆದರಿಕೆ ತೆಗೆದುಬಿಡು ಅಂತ ನಾನು ಯಾವತ್ತೂ ದೇವರನ್ನ ಕೇಳ್ಲಿಲ್ಲ. ಇರ್ಲಿ ಪಾಪ, ಒಂದು ಮೂಲೇಲಿ ಬಿದ್ದಿರ್ಲಿ. ನಾನು ಮಾತಾಡೋವಾಗ ನೀನು ಪಕ್ಕದಲ್ಲಿ ನಿಂತಿರು, ಅಂತ ಕೇಳ್ತಿದ್ದೆ, ಅಷ್ಟೆ.” ನೀರು ಕುಡಿದು ಲೋಟ ಕೊಟ್ಟಳು. “ನಿಂತಿರ್ತಾನೆ. ಕೆಲಸ ಜಾಸ್ತಿ ಇಲ್ಲ ಅವನಿಗೆ, ಕೇಳೋರು ಕಮ್ಮಿ.”

*

ಹತ್ತು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಕುರ್ಚಿಗಳೆಲ್ಲ ತುಂಬಿ, ಜನ ಗೋಡೆಗೊರಗಿ ನಿಂತಿದ್ದರು. ಮಧ್ಯದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಲಿಫ್ಟಮ್ಮನ ಮುಖದಲ್ಲಿ, ಇನ್ನೇನು ಯಾರನ್ನೋ ಗದರಿಸುತ್ತಾಳೆ ಎಂಬಂಥ ಕಳೆ. ಸುತ್ತ ಕೂತವರು ಅವಳ ಕತೆಗಳನ್ನು ಹೇಳುತ್ತಿದ್ದರು. ಎಲ್ಲ ಕತೆಗಳೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತಿದ್ದವು: ಮೂವತ್ತು ವರ್ಷದ ಹಿಂದಿನ ಸಾಹೇಬರನ್ನು ಲಿಫ್ಟಮ್ಮ ನಡುದಾರಿಯಲ್ಲಿ ನಿಲ್ಲಿಸಿದ ಕತೆ.

“ಹಿಡಿಕೆ ಎಳೆದು ನಿಲ್ಲಿಸೇಬಿಟ್ಲಂತೆ! ಈಗ ಎಲ್ಲಿಗೆ ಓಡ್ತೀರಿ ಸಾಹೇಬ್ರೇ, ಅಂದ್ಲಂತೆ,” ಎಂದಳು ಟೈಲರ್ ಅಕ್ಕ.

“ಎರಡು ಗಂಟೆ ಹೊತ್ತು. ಸಾಹೇಬ್ರು ಅತ್ತೇಬಿಟ್ರು,” ಎಂದ ಕಚೇರಿಯ ಹಳೆಯ ಜವಾನ. ಆ ಕಾಲದಲ್ಲಿ ಅವನಿಗೆ ಕೆಲಸವೇ ಸಿಕ್ಕಿರಲಿಲ್ಲ.

“ಅಮ್ಮ ನಿಲ್ಲಿಸ್ಲಿಲ್ಲ. ಕರೆಂಟ್ ಹೋಗಿತ್ತು. ನಲವತ್ತು ನಿಮಿಷ,” ಎಂದಳು ಮಗಳು. ಅದು ಅವಳಿಗೆ ಬಾಯಿಪಾಠ. ಅಮ್ಮ ಅದನ್ನು ನೂರು ಸಲ ಹೇಳಿದ್ದಳು, ನೂರು ಸಲವೂ ಒಂದೇ ಥರ.

*

ಆ ಸಾಹೇಬರೂ ಹೀಗೇ ಒಂದು ಆದೇಶ ಹೊರಡಿಸಿದ್ದರು. ಕೈಯಲ್ಲಿ ಕೂಸಿದ್ದ ಒಬ್ಬಳು ಬಾಣಂತಿಯನ್ನು ಲಿಫ್ಟಮ್ಮ ಏಳನೆಯ ಮಹಡಿಗೆ ಕರೆದೊಯ್ದು ಸಿಕ್ಕಿಬಿದ್ದಳು. ಕೆಲಸದಿಂದ ಯಾಕೆ ತೆಗೆಯಬಾರದು ಎಂದು ನೋಟೀಸು ಬಂತು. ಮೂರು ಸಲ ಸಾಹೇಬರ ಬಾಗಿಲಿಗೆ ಹೋದಳು, ಮೂರು ಸಲವೂ ಜವಾನ ಒಳಗೆ ಬಿಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಖಾಲಿ ಲಿಫ್ಟಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದಳು: “ದೇವರೇ, ನಂಗೆ ಒಂದು ಹತ್ತು ನಿಮಿಷ ಕೊಡು. ಮಾತು ನಾನು ನೋಡ್ಕೋತೀನಿ.”

ಸಾಹೇಬರು ಒಬ್ಬರೇ ಹತ್ತಿದರು. ನಾಲ್ಕು ದಾಟಿ ಐದು ತಲುಪುವ ಮೊದಲು ಲಿಫ್ಟು ಗಕ್ಕೆಂದು ನಿಂತು ಕತ್ತಲಾಯಿತು.

“ಏನಾಯ್ತು? ಏನಾಯ್ತು?” ಎಂದು ಸಾಹೇಬರು ಕೂಗಿಕೊಂಡರು.

“ಕರೆಂಟ್ ಹೋಯ್ತು ಸಾರ್. ಹೆದರ್ಬೇಡಿ, ಹಗ್ಗ ಗಟ್ಟಿ ಇದೆ. ಸ್ಟೂಲ್ ಇಲ್ಲಿದೆ, ಕೂತ್ಕೊಳ್ಳಿ.” ಅವರನ್ನು ಕೈಹಿಡಿದು ಕೂರಿಸಿ, ತಾನು ಗೋಡೆಗೊರಗಿ ನಿಂತು ಶುರುಮಾಡಿದಳು. ಆ ಬಾಣಂತಿ ಯಾರು, ಯಾಕೆ ಬಂದಿದ್ದಳು ಎಂದು ಹೇಳಿದಳು. ಗೋಡೆ ತಡವಿಕೊಂಡು ಏಳು ಮಹಡಿ ಹತ್ತುವ ಕುರುಡನ ಬಗ್ಗೆ ಹೇಳಿದಳು, ಮೇಷ್ಟ್ರ ಕಾಲಿನ ಬಗ್ಗೆ ಹೇಳಿದಳು. “ನೀವು ಕೂತಿರೋ ಜಾಗದಲ್ಲೇ ಸಾರ್ ಅವರೆಲ್ಲ ನಿಲ್ತಿದ್ದಿದ್ದು. ನಿಮ್ಮೊಬ್ಬರನ್ನೇ ಹತ್ತಿಸ್ಕೊಂಡ್ರೆ ಲಿಫ್ಟೇನೂ ಬೇಗ ಹೋಗಲ್ಲ. ನೋಡಿ, ನಿಂತೇಬಿಟ್ಟಿದೆ.”

ಬಹಳ ಹೊತ್ತಿನ ಮೇಲೆ ಕತ್ತಲೆಯೊಳಗಿಂದ ಸಾಹೇಬರು ಕೇಳಿದರು. “ನಿಂಗೆ ನನ್ನ ಕಂಡ್ರೆ ಭಯ ಇಲ್ವೇನಮ್ಮಾ?”

“ಇದೆ ಸಾರ್. ಕಾಲು ಗಡಗಡ ನಡುಗ್ತಿದೆ. ಕತ್ತಲಲ್ವಾ, ನಿಮಗೆ ಕಾಣ್ತಿಲ್ಲ. ಆದ್ರೆ ಇಲ್ಲಿ ನಾನೊಬ್ಬಳೇ ಇಲ್ಲ ಸಾರ್.”

ಸಾಹೇಬರು ಬೆಚ್ಚಿಬಿದ್ದು, ಇನ್ಯಾರು ಹತ್ತಿದ್ದಾರೆಂದು ಕತ್ತಲಲ್ಲೇ ಸುತ್ತ ತಡಕಿದರಂತೆ! ಈ ಜಾಗಕ್ಕೆ ಬಂದಾಗ ಅಮ್ಮ ತಾನೇ ಬಿದ್ದು ಬಿದ್ದು ನಗುತ್ತಿದ್ದಳು. ಆ ವಾರವೇ ನೋಟೀಸು ಹರಿದುಹೋಯಿತು, ಆದೇಶವೂ ಹೋಯಿತು. “ಕೇಳಿದ್ದು ಹತ್ತು ನಿಮಿಷ, ಕೊಟ್ಟಿದ್ದು ನಲವತ್ತು. ಅವನ ಕೈ ಯಾವಾಗ್ಲೂ ಧಾರಾಳ,” ಎಂದು ಕತೆ ಮುಗಿಸುತ್ತಿದ್ದಳು.

*

ನಡುಮನೆಯಲ್ಲಿ ಎಲ್ಲರೂ ನಗುತ್ತಿದ್ದಾಗ ಮೆಕ್ಯಾನಿಕ್ ಮಾವ ಮಾತ್ರ ಎದ್ದು ಅಡುಗೆಮನೆಗೆ ಹೋದರು. ಮಗಳು ಹಿಂದೆಯೇ ಹೋದಳು. ಅವರು ಸಿಂಕಿನ ಮುಂದೆ ನಿಂತು ಶುಭ್ರವಾಗಿದ್ದ ಲೋಟವನ್ನೇ ತೊಳೆಯುತ್ತಿದ್ದರು.

“ಮಾವ, ಏನಾಯ್ತು?”

“ಕರೆಂಟ್ ಆರೇ ನಿಮಿಷಕ್ಕೆ ಬಂತು ಕಣಮ್ಮ.”

“ಯಾವ ಕರೆಂಟು?”

“ಆವತ್ತಿಂದು.” ಅವರು ಲೋಟವನ್ನು ಬೋರಲು ಹಾಕಿದರು. “ಲಿಫ್ಟು ಮಧ್ಯದಲ್ಲಿ ನಿಂತ್ರೆ ನಾನು ಮೇಲಿನ ಮೆಷಿನ್ ರೂಮಿಗೆ ಹೋಗಿ ಕೈಯಿಂದ ಚಕ್ರ ತಿರುಗಿಸಿ ಇಳಿಸ್ಬೇಕು. ತಿರುಗಿಸೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡ್ಬೇಕು, ಅದು ನಿಯಮ. ಆಫ್ ಮಾಡ್ದೆ. ಚಕ್ರಕ್ಕೆ ಕೈ ಹಾಕ್ದೆ. ಆಗ ಕೆಳಗಿಂದ ನಿಮ್ಮಮ್ಮನ ದನಿ ಕೇಳಿಸ್ತು. ಬಾವಿಯೊಳಗೆ ಮಾತಾಡಿದ ಹಾಗೆ, ಒಂದೊಂದಕ್ಷರಾನೂ ಸ್ಪಷ್ಟ. ನಂಗೆ ಚಕ್ರ ತಿರುಗಿಸೋಕೆ ಮನಸ್ಸೇ ಬರ್ಲಿಲ್ಲ. ಅಷ್ಟರಲ್ಲಿ ಊರಿಗೆಲ್ಲ ಕರೆಂಟ್ ಬಂತು. ನಾನು ಸ್ವಿಚ್ ಹಾಕ್ಲಿಲ್ಲ. ಅಲ್ಲೇ ಕೂತೆ.”

“ಮಾವ!”

“ಕೆಳಗಿಂದ ಎಲ್ಲರೂ ಕೂಗ್ತಿದಾರೆ, ಏನಯ್ಯಾ, ಆಯ್ತೇನಯ್ಯಾ, ಅಂತ. ಚಕ್ರ ಬಿಗಿದುಕೊಂಡಿದೆ, ಎಣ್ಣೆ ಹಾಕ್ತಿದೀನಿ, ಅಂದೆ. ಮೂವತ್ತನಾಲ್ಕು ನಿಮಿಷ ಎಣ್ಣೆ ಹಾಕಿದೀನಿ ತಾಯಿ!”

ಅವಳು ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೆಕ್ಯಾನಿಕ್ ಮಾವ ನಗಲಿಲ್ಲ.

“ನಗ್ಬೇಡ. ದೇವರು ನಲವತ್ತು ಕೊಟ್ಟ ಅಂತ ಅವಳು ಅಂದಾಗೆಲ್ಲ ನಂಗೆ ಒಳಗೇ ಚುಚ್ಚೋದು. ದೇವರ ಹೆಸರಲ್ಲಿ ನಾನು ಆಟ ಆಡಿದೆ ಅಂತ. ಮೂವತ್ತು ವರ್ಷ ಹೇಳೋಕೆ ಬಾಯಿ ಬರ್ಲಿಲ್ಲ. ಈಗ ಹೇಳೋಣ ಅಂದ್ರೆ ಅವಳೇ ಇಲ್ಲ.”

“ನಿಮ್ಮನ್ನ ಅಲ್ಲಿ ಕೂರಿಸಿದ್ದು ಯಾರು ಮಾವ?”

“ಯಾರೂ ಇಲ್ಲ, ನಾನೇ ಕೂತೆ.”

“ಕೆಲಸ ಹೋಗುತ್ತೆ ಅಂತ ಹೆದರಿಕೆ ಆಗ್ಲಿಲ್ವಾ?”

“ಆಗದೇ ಇರುತ್ತಾ? ಮನೇಲಿ ಮೂರು ಮಕ್ಕಳು.”

“ಆದ್ರೂ ಕೂತ್ರಲ್ಲ. ಅಮ್ಮ ಹೇಳಿದ್ದು ಸರಿಯಾಗೇ ಇದೆ ಬಿಡಿ.”

ಮುದುಕರು ಅದನ್ನು ಒಂದಿಷ್ಟು ಯೋಚಿಸಿದರು. ಮೂವತ್ತು ವರ್ಷದ ಗಂಟು ಸಡಿಲವಾಯಿತೋ ಏನೋ, ದೀರ್ಘವಾಗಿ ಉಸಿರು ಬಿಟ್ಟು, “ಅಲ್ವಾ?” ಎಂದರು.

ಈಗ ತನ್ನ ಸರದಿ ಎಂದು ಅವಳಿಗೆ ಅನ್ನಿಸಿತು. “ಮಾವ, ಆ ಬೋರ್ಡು ಟೈಪ್ ಮಾಡಿದ್ದು ನಾನು. ಅಮ್ಮನಿಗೆ ದಿನಾ ಸುಳ್ಳು ಹೇಳ್ದೆ.”

“ಗೊತ್ತು.”

“ಯಾರು ಹೇಳಿದ್ರು?”

“ನಿಮ್ಮಮ್ಮ.” ಅವರು ಅವಳ ಮುಖ ನೋಡದೆ ಹೇಳಿದರು. “ಬೋರ್ಡು ಹಾಕಿದ ಮಾರನೇ ದಿನವೇ ಯಾರೋ ಅವಳಿಗೆ ಫೋನ್ ಮಾಡಿದ್ರು. ಅವಳು ನಂಗೆ ಅಂದ್ಲು, ಪಾಪ ಕಣೋ, ದಿನಾ ಸುಳ್ಳು ಹೇಳ್ತಾಳೆ, ಸುಳ್ಳು ಹೇಳೋಕೂ ಸರಿಯಾಗಿ ಬರಲ್ಲ ಅವಳಿಗೆ. ನಾನು ಬೈಯಲ್ಲ, ಹೆದರಿದೋಳನ್ನ ಬೈದು ಏನು ಬಂತು. ಅವಳ ಪಕ್ಕ ಹೋಗಿ ನಿಂತ್ಕೋ ಅಂತ ದೇವರಿಗೆ ಹೇಳಿದೀನಿ, ಅಂತ.”

ಅವಳಿಗೆ ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅಡುಗೆ ಕಟ್ಟೆ ಹಿಡಿದುಕೊಂಡು ಅತ್ತಳು. ಇಷ್ಟು ದಿನ ಬಾಗಿಲ ಬಳಿ ಚಪ್ಪಲಿ ಬಿಡುವಾಗಲೇ ಸುಳ್ಳನ್ನು ಸಿದ್ಧಮಾಡಿಕೊಂಡು ಒಳಗೆ ಬಂದಿದ್ದಳು. ಅಮ್ಮ ಅದನ್ನು ತಿಳಿದೂ ಕೇಳುತ್ತಿದ್ದಳು, ಎಂದಾದರೊಂದು ದಿನ ನಿಜ ಹೇಳಿಯಾಳು ಎಂದು. ಹನ್ನೊಂದು ಗಂಟೆಗೆ ಗಾಡಿ ಬರುತ್ತದೆ. ಆ ಉತ್ತರವನ್ನು ಸರಿಮಾಡದೆ ಅಮ್ಮನನ್ನು ಹೇಗೆ ಕಳಿಸುವುದು?

“ಸಾಹೇಬ್ರು ಬಂದ್ರು! ಸಾಹೇಬ್ರು ಬಂದ್ರು!” ಗಂಡನ ದನಿ ಮೆಟ್ಟಿಲಿನ ಕಡೆಯಿಂದ ಕೇಳಿಸಿತು.

*

ಸಾಹೇಬರು ಬಂದರು ಎನ್ನುವುದಕ್ಕಿಂತ, ಸಾಹೇಬರಲ್ಲಿ ಉಳಿದಿದ್ದಷ್ಟು ಬಂದಿತು ಎನ್ನಬೇಕು. ಐವತ್ತೈದರ ಸ್ಥೂಲ ದೇಹ, ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕುರ್ಚಿಗೆ ಓಡಾಡಿ ರೂಢಿಯಾದ ಕಾಲು. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಕೊರಳಲ್ಲಿ ಕಚೇರಿಯ ಕಾರ್ಡು, ಕೈಯಲ್ಲಿ ದೊಡ್ಡ ಹಾರ. ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು, ಬರೀ ಗಾಳಿ ಬಂತು. ಯಾರೋ ಕುರ್ಚಿ ತಂದಿಟ್ಟರು. ಸಾಹೇಬರು ಅದರೊಳಗೆ ಕುಸಿದು, ಹಾರವನ್ನು ಮಡಿಲಲ್ಲಿಟ್ಟುಕೊಂಡು, “ಒಂದ್... ನಿಮಿಷ...” ಎಂದು ಕೈ ತೋರಿಸಿದರು.

ಮಗಳು ನೀರಿನ ಲೋಟ ಹಿಡಿದು ಮುಂದೆ ಬಂದಳು. ಅವಳಿಗೆ ಪ್ರಾರ್ಥನೆ ಮಾಡಿ ಅಭ್ಯಾಸವಿರಲಿಲ್ಲ. ಆ ಖಾತೆಯನ್ನು ಅಮ್ಮನೇ ನೋಡಿಕೊಳ್ಳುತ್ತಿದ್ದಳು. ‘ನಿಂತಿದೀಯಾ?’ ಎಂದು ಮನಸ್ಸಿನಲ್ಲೇ ಕೇಳಿದಳು. ಉತ್ತರವೇನೂ ಬರಲಿಲ್ಲ. ಆದರೆ ಬಾಗಿಲ ಕಡೆ ಏನೋ ಸದ್ದಾಯಿತು, ನೋಡಿದರೆ ಮೆಕ್ಯಾನಿಕ್ ಮಾವ ಹೊಸ್ತಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತು, ಯಾವ ಅವಸರವೂ ಇಲ್ಲದೆ ಮಂಡಿ ನೀವಿಕೊಳ್ಳುತ್ತಿದ್ದರು.

“ಸಾರ್, ಲಿಫ್ಟಿನ ಆದೇಶ ವಾಪಸ್ ತಗೋಬೇಕು,” ಎಂದಳು.

ಸಾಹೇಬರು ಹುಬ್ಬೇರಿಸಿ ಕೈಯೆತ್ತಿದರು.

“ನೀವು ಸುಧಾರಿಸ್ಕೊಳ್ಳಿ ಸಾರ್, ನಾನೇ ಹೇಳ್ತೀನಿ. ನೀವೀಗ ಹತ್ತಿದ್ದು ಎಪ್ಪತ್ತೆರಡು ಮೆಟ್ಟಿಲು. ಪಿಂಚಣಿ ವಿಭಾಗಕ್ಕೆ ನೂರಾ ಐವತ್ನಾಲ್ಕು. ಅಲ್ಲಿಗೆ ಬರೋರೆಲ್ಲ ಅರವತ್ತು ದಾಟಿದೋರು. ನಮ್ಮ ಮೇಷ್ಟ್ರು ಹೋದ ವಾರ ಅದನ್ನ ಕೂತ್ಕೊಂಡು ಹತ್ತಿದಾರೆ. ಆ ಆದೇಶ ಟೈಪ್ ಮಾಡಿದ್ದು ನಾನು. ಆವತ್ತೇ ಹೇಳ್ಬೇಕಿತ್ತು, ಇದು ತಪ್ಪು ಸಾರ್ ಅಂತ. ಹೆದರಿಕೆ ಆಯ್ತು, ಹೇಳ್ಲಿಲ್ಲ. ಅಮ್ಮ ಕೇಳಿದಾಗ, ಲಿಫ್ಟಲ್ಲಿ ಎಲ್ಲರನ್ನೂ ಬಿಡ್ತಿದಾರೆ ಅಂತ ಅವಳಿಗೂ ಸುಳ್ಳು ಹೇಳ್ದೆ. ಅವಳು ಈ ಮನೆಯಿಂದ ಹೋಗೋ ಮುಂಚೆ ಹೇಳ್ಬಿಡ್ಬೇಕು. ಅದಕ್ಕೆ ಹೇಳ್ತಿದೀನಿ.”

ಮೂಲೆಯಲ್ಲಿ ಗಂಡ ಸಣ್ಣಗೆ ಕೆಮ್ಮಿದ. ಅವಳು ಅವನ ಕಡೆಯೂ ತಿರುಗಿದಳು. “ನನ್ನ ಬಡ್ತಿ ಫೈಲು ಇವರ ಮೇಜಿನ ಮೇಲಿದೆ, ಗೊತ್ತು ರೀ.” ಮತ್ತೆ ಸಾಹೇಬರ ಕಡೆಗೆ: “ಅದು ಬೇರೆ ಸಾರ್, ಇದು ಬೇರೆ. ಹೆದರಿಕೆ ಈಗಲೂ ಇದೆ. ಇರ್ಲಿ.”

ಗಂಡ ಕಣ್ಣು ಮುಚ್ಚಿಕೊಂಡ. ಮೇಷ್ಟ್ರು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದರು. ಸಾಹೇಬರಿಗೆ ಅಷ್ಟರಲ್ಲಿ ಉಸಿರು ಕೈಗೆ ಬಂದಿತ್ತು, ಉಸಿರಿನ ಹಿಂದೆಯೇ ಅಧಿಕಾರವೂ ಬಂತು.

“ಮೇಡಂ, ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ. ಆದ್ರೆ ಇದು ಆ ವಿಷಯಕ್ಕೆ ಜಾಗ ಅಲ್ಲ. ಆಫೀಸಲ್ಲಿ ಮಾತಾಡೋಣ.”

“ಆಗ್ಲಿ ಸಾರ್,” ಎಂದಳು ಅವಳು, ರೂಢಿಬಲದಿಂದ. ನಿಂತವರೆಲ್ಲ ಉಸ್ಸೆಂದು ಉಸಿರು ಬಿಟ್ಟರು. ಆದರೆ ಅವಳು ಕದಲಲಿಲ್ಲ. “ಆದ್ರೆ ಆಫೀಸಲ್ಲಿ ಮಾತಾಡ್ಬೇಕು ಅಂದ್ರೆ ಮೇಷ್ಟ್ರೂ ಬರ್ಬೇಕಾಗುತ್ತೆ. ಮತ್ತೆ ಏಳು ಮಹಡಿ ಹತ್ಬೇಕಾಗುತ್ತೆ. ಇಲ್ಲಾದ್ರೆ ಆಗ್ಲೇ ಹತ್ತಿ ಕೂತಿದಾರೆ.”

ಸಾಹೇಬರು ಎದ್ದು ಹೋಗಿ ಹಾರವನ್ನಿಟ್ಟು ಲಿಫ್ಟಮ್ಮನಿಗೆ ಕೈಮುಗಿದರು. ಕೆಳಗೆ ಗಾಡಿ ಹಾರ್ನ್ ಮಾಡಿತು. ಮಗಳು ಅಮ್ಮನ ಬಳಿ ಬಗ್ಗಿ, “ಇನ್ನೂ ಎಲ್ಲರನ್ನೂ ಬಿಡ್ತಿಲ್ಲ ಅಮ್ಮ. ಹೇಳಿದೀನಿ,” ಎಂದು ಕಿವಿಯಲ್ಲಿ ಹೇಳಿದಳು.

*

ಮೆಕ್ಯಾನಿಕ್ ಮಾವನ ಅಳತೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. “ಕಾಲಿನ ಕಡೆ ಕೆಳಗೆ! ನಿಧಾನ! ಸರಿಸಮ ಇರ್ಲಿ!” ಎಂದು ಅವರು ಕೂಗುತ್ತಾ ಮುಂದೆ ನಡೆದರು. ಲಿಫ್ಟಮ್ಮ ನಾಲ್ಕು ಮಹಡಿಯನ್ನೂ ಒಂದು ಗೋಡೆಗೂ ತಾಗದೆ ಇಳಿದಳು. ಸ್ಟ್ರೆಚರಿನ ಹಿಂದೆ ಮಗಳು, ಅವಳ ಗಂಡ, ಟೈಲರ್ ಅಕ್ಕ, ಉಳಿದವರು.

ಕಡೆಯಲ್ಲಿ ಉಳಿದವರು ಮೇಷ್ಟ್ರು. ಅವರ ಹಿಂದೆ ದೊಡ್ಡ ಸಾಹೇಬರು.

“ಎತ್ಕೊಂಡು ಹೋಗ್ತೀವಿ ಮೇಷ್ಟ್ರೇ,” ಎಂದು ಇಬ್ಬರು ಮುಂದೆ ಬಂದರು.

“ಬೇಡ್ರಪ್ಪ. ಎತ್ಕೊಂಡು ಹೋಗೋದಕ್ಕೆ ನನ್ನ ಸರದಿ ಇನ್ನೂ ಬಂದಿಲ್ಲ.” ಮೇಷ್ಟ್ರು ಮೇಲಿನ ಮೆಟ್ಟಿಲಿನ ಮೇಲೆ ಕೂತು, ತಲೆಯೆತ್ತಿ ಹಿಂದಿದ್ದವರನ್ನು ನೋಡಿದರು. “ಸಾರ್, ಈ ಕೋಲು ಸ್ವಲ್ಪ ಹಿಡ್ಕೋತೀರಾ? ಇಳಿಯೋವಾಗ ನಂಗೆ ಎರಡು ಕೈಯೂ ಬೇಕು.”

ಮೆಟ್ಟಿಲು ಮೂರೂವರೆ ಅಡಿ ಅಗಲ. ಕೂತ ಮನುಷ್ಯನನ್ನು ದಾಟಿ ಹೋಗುವುದಕ್ಕೆ ಜಾಗವಿರಲಿಲ್ಲ, ಕೈಗೆ ಬಂದ ಕೋಲನ್ನು ಬೇಡವೆನ್ನುವುದಕ್ಕೆ ಬಾಯಿಯೂ ಇರಲಿಲ್ಲ.

ಕೆಳಗೆ ಲಿಫ್ಟಮ್ಮನನ್ನು ಗಾಡಿಯೊಳಗಿಟ್ಟು ಹಿಂಬಾಗಿಲನ್ನು ತೆರೆದೇ ಬಿಟ್ಟಿದ್ದರು. ಜನ ನೆರಳಲ್ಲಿ ನಿಂತು ಕಾದರು. ಗಾಡಿಯ ಚಾಲಕ ಎರಡು ಸಲ ಗಡಿಯಾರ ನೋಡಿ, “ಇನ್ನೂ ಯಾರು ಬರ್ಬೇಕು?” ಎಂದ.

“ದೊಡ್ಡ ಸಾಹೇಬ್ರು. ಮೆಟ್ಟಿಲಲ್ಲಿದಾರೆ,” ಎಂದರು ಮೆಕ್ಯಾನಿಕ್ ಮಾವ.

ಮಗಳು ಮೆಟ್ಟಿಲಿನ ಬುಡಕ್ಕೆ ಬಂದು ಮೇಲೆ ನೋಡಿದಳು. ಎರಡನೆಯ ಮಹಡಿಯ ಕಟಕಟೆಯ ಮೇಲಿಂದ ಸಾಹೇಬರ ತಲೆ ಕಾಣಿಸಿತು.

“ಮೇಡಂ, ಪಿಂಚಣಿ ವಿಭಾಗಕ್ಕೆ ಎಷ್ಟು ಅಂದ್ರಿ?”

“ನೂರಾ ಐವತ್ನಾಲ್ಕು ಸಾರ್.”

ತಲೆ ಒಳಗೆ ಹೋಯಿತು. ಮೇಷ್ಟ್ರ ಉಸಿರು, ಮೆಟ್ಟಿಲಿಗೆ ಬಟ್ಟೆ ಉಜ್ಜುವ ಸದ್ದು ಇಳಿದು ಬಂತು. ಆಮೇಲೆ ಸಾಹೇಬರು ಫೋನಿನಲ್ಲಿ ಮಾತಾಡುವುದು ಕಟ್ಟಡವಿಡೀ ಮೊಳಗಿತು. “ಹಲೋ. ಆ ಲಿಫ್ಟಿನ ಬೋರ್ಡು ತೆಗೆಸಿ. ಕಾರ್ಡು ಗೀರ್ಡು ಏನೂ ಬೇಡ... ಸೋಮವಾರ ಯಾಕ್ರೀ? ಈಗ. ನಾನು ಬರೋ ಹೊತ್ತಿಗೆ ಇರಬಾರದು... ಇಲ್ಲ, ತಡ ಆಗುತ್ತೆ ನಾನು ಬರೋದು.”

ಮೇಲೆ, ತಿರುವಿನಲ್ಲಿ, ಬೆವರಿದ ಬಿಳಿ ಅಂಗಿಯ ದೊಡ್ಡ ಮನುಷ್ಯ ಫೋನನ್ನು ಜೇಬಿಗಿಳಿಸಿ, ಸವೆದ ಊರುಗೋಲನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದ. ಅವನ ಕಾಲ ಬುಡದಲ್ಲಿ ಮುದುಕ ಅಂಗೈ ಊರಿ ಒಂದು ಮೆಟ್ಟಿಲು ಕೆಳಗೆ ಜಾರಿದ. ದೊಡ್ಡ ಮನುಷ್ಯ ಕಾದ. ಮುದುಕ ಸರಿಯಾಗಿ ಕೂತಮೇಲೆ, ತಾನೂ ಒಂದೇ ಒಂದು ಮೆಟ್ಟಿಲು ಇಳಿದ.